ಎಲೆ ಎಲ್ಲ ಮರಕ್ಕೂ ಇರುತ್ತದೆ

ಅಡಿಕೆ ಬೇಯಿಸುವ ಒಲೆಗೆ ಶೆಡ್ ಹಾಕಿಸಲು ಜಾಗ ಅಳೆಯಲು ಬಂದಿದ್ದ ಭಾವ ಕಳೆದ ಭಾನುವಾರ ನಮ್ಮ ಹಿತ್ತಿಲಿನ ಸರ್ವಸಾಂಬಾರ (ಆಲ್‌ಸ್ಪೈಸ್) ಮರದ ಮುಂದೆ ನಿಂತು, “15 ವರ್ಷ ಆಯ್ತಲ್ಲೋ, ಒಂದಾದರೂ ಕಾಯಿ ಬಿಟ್ಟಿದೆಯಾ? ಕಡಿಸಿಬಿಡು” ಎಂದರು. “ಎಲೆ ಇದೆಯಲ್ಲ ಭಾವ” ಎಂದೆ. “ಎಲೆ ಎಲ್ಲ ಮರಕ್ಕೂ ಇರ್ತದೆ” ಎಂದು ಟೇಪು ಸುತ್ತಿಕೊಂಡು ಮುಂದೆ ನಡೆದರು.

ಆ ಮಾತು ವಾರವಿಡೀ ನನ್ನನ್ನು ಕೊರೆಯುತ್ತಿದೆ. ಭಾವ ಕಷ್ಟಕ್ಕಾಗುವ ಮನುಷ್ಯ. ಆದರೆ ತೋಟದಲ್ಲೇ ಆಯುಷ್ಯ ಸವೆಸಿದ ಅವರಿಗೆ ಮರವೆಂದರೆ ಅಡಿಕೆ ಗೊನೆ, ಗೊನೆಯೆಂದರೆ ಕ್ವಿಂಟಲ್. ಜಮೈಕಾ ಮತ್ತು ಮಧ್ಯ ಅಮೆರಿಕದ ಕಡೆಯ ಈ ಮರದಲ್ಲಿ ಹೂಗಳೆಲ್ಲ ನೋಡಲು ಒಂದೇ ತೆರನಾಗಿದ್ದರೂ ಗಂಡುಮರ, ಹೆಣ್ಣುಮರ ಬೇರೆಬೇರೆ ಎಂಬುದನ್ನೂ, ಜೊತೆಯಿಲ್ಲದ ಒಂಟಿ ಮರದಿಂದ ಕಾಯಿ ನಿರೀಕ್ಷಿಸುವುದು ನ್ಯಾಯವಲ್ಲ ಎಂಬುದನ್ನೂ ಅವರಿಗೆ ಆಗಲೇ ಹೇಳಬೇಕಿತ್ತು.

“ಎಲೆ ಎಲ್ಲ ಮರಕ್ಕೂ ಇರ್ತದೆ.” ಇರುತ್ತದೆ, ನಿಜ. ಆದರೆ ಈ ಎಲೆಯನ್ನು ನಡುವೆ ಹರಿದು ಮೂಗಿಗೆ ಹಿಡಿದರೆ ಮೊದಲು ಲವಂಗ, ಆಮೇಲೆ ದಾಲ್ಚಿನ್ನಿ, ಜಾಯಿಕಾಯಿ, ಕೊನೆಗೆ ಕಾಳುಮೆಣಸಿನ ಸಣ್ಣ ಖಾರ ಒಂದರ ಹಿಂದೊಂದು ಬರುತ್ತವೆ. ಲವಂಗದಲ್ಲಿರುವ, ನೋವು ಮರಗಟ್ಟಿಸುವ ಯೂಜಿನಾಲ್ ಎಂಬ ಅಂಶ ಇದರ ಎಣ್ಣೆಯಲ್ಲೂ ಇದೆ. ಹಲ್ಲುನೋವಿನ ರಾತ್ರಿಗಳಲ್ಲಿ ಅಮ್ಮ ಇದರ ಚಿಗುರನ್ನು ದವಡೆಯಲ್ಲಿಟ್ಟುಕೊಂಡು ಬೆಳಗು ಮಾಡುತ್ತಿದ್ದರು. ಪಲಾವಿಗೆ ಎರಡು ಎಲೆ, ಮಳೆಗಾಲದ ಕಷಾಯಕ್ಕೆ ಒಂದು. ಕುದಿಯುವ ಹಾಲಿಗೆ ಅರ್ಧ ಎಲೆ ಸಾಕು, ಹೆಚ್ಚಾದರೆ ಒಗರು.

ಒಣಗಿದರೆ ಇದರ ಪರಿಮಳ ಕುಂದುತ್ತದೆ. ಕಟ್ಟು ಕಟ್ಟಿ ಪೇಟೆಗೆ ಕಳಿಸಲು ಒದಗದ ಈ ಎಲೆಗೆ ನಮ್ಮಲ್ಲಿ ಯಾರೂ ಬೆಲೆ ಕಟ್ಟಲಿಲ್ಲ. ಆದ್ದರಿಂದಲೇ ಕೇರಿಯವರು ಬೇಕಾದಾಗಲೆಲ್ಲ ಬೇಲಿಯಾಚೆ ನಿಂತು “ಎರಡು ಪಲಾವ್ ಎಲೆ ಕೊಡಿ” ಎನ್ನುತ್ತಾರೆ. ಮಾತು ಬಿಟ್ಟ ದಾಯಾದಿ ಮನೆಯ ಹುಡುಗಿಯೂ ಎಲೆಗಾಗಿ ಬರುತ್ತಾಳೆ, ಅಮ್ಮನ ಆರೋಗ್ಯ ವಿಚಾರಿಸಿಯೇ ಹೋಗುತ್ತಾಳೆ. ಭಾವನ ಲೆಕ್ಕದಲ್ಲಿ ಇದನ್ನು ಯಾವ ಕಲಮಿಗೆ ಬರೆಯುವುದು?

ಶೆಡ್ಡಿನ ಕಂಬವನ್ನು ನಾಲ್ಕು ಅಡಿ ಆಚೆಗೆ ಸರಿಸಲು ಹೇಳಿದ್ದೇನೆ. ತಗಡಿಗೆ ತಾಗುತ್ತದೆಂದು ಒಂದು ಕೊಂಬೆಯನ್ನು ಮಾತ್ರ ನಿನ್ನೆ ಕಡಿಯಬೇಕಾಯಿತು. ಅದರ ಎಲೆಗಳನ್ನು ಅಮ್ಮ ಬಾಡುವ ಮೊದಲೇ ಏಳು ಮನೆಗೆ ಹಂಚಿಸಿದರು.