ದಿಯೋಪ್ ಅಲ್ಲ, ಜೋಪ್

ಪ್ಯಾರಿಸ್ಸಿನಲ್ಲಿ ಕರಿಬೇವು ಬೇಕು ಅಂದರೆ ಲಾ ಶಪೆಲ್‌ಗೆ ಹೋಗಬೇಕು. ಗಾರ್ ದ್ಯು ನೋರ್ ರೈಲು ನಿಲ್ದಾಣದ ಹತ್ತಿರ, ಶ್ರೀಲಂಕಾ ತಮಿಳರ ಅಂಗಡಿಗಳೇ ತುಂಬಿರುವ ಬೀದಿ ಅದು. ಅಲ್ಲಿಂದ ಒಂದಷ್ಟು ನಡೆದರೆ ಶಾತೋ ರೂಜ್. ಅದು ಪಶ್ಚಿಮ ಆಫ್ರಿಕಾದವರ ಪೇಟೆ. ಎಳೆ ಬೆಂಡೆಕಾಯಿ, ಮರಗೆಣಸು, ಒಣಮೀನು ಎಲ್ಲ ಅಲ್ಲಿ. ತಿಂಗಳಿಗೊಂದು ಶನಿವಾರ ಒಂದು ಕೈಲಿ ಮಗಳು, ಇನ್ನೊಂದು ಕೈಲಿ ಚೀಲ ಹಿಡಿದುಕೊಂಡು ಎರಡೂ ಕಡೆ ಸುತ್ತಿ ಬರುತ್ತೇನೆ.

2024ರ ಸೆಪ್ಟೆಂಬರಿನಲ್ಲಿ ಹೀಗೇ ಬೆಂಡೆಕಾಯಿ ತುದಿ ಮುರಿದು ನೋಡುತ್ತಾ, ಇವತ್ತು ರಾತ್ರಿ ಮಾತಿ ದಿಯೋಪ್ ಅನ್ನುವ ನಿರ್ದೇಶಕಿಯ ಸಿನಿಮಾಕ್ಕೆ ಹೋಗ್ತಿದ್ದೀವಿ ಅಂದೆ. ಅಂಗಡಿಯಾಕೆ ಸೆನೆಗಲ್‌ನವರು. ಕೇಳಿ ನಕ್ಕುಬಿಟ್ಟರು. "ದಿಯೋಪ್ ಅನ್ನೋದು ಕಾಗದದ ಮೇಲೆ. ನಮ್ಮ ಬಾಯಲ್ಲಿ ಅದು ಜೋಪ್" ಅಂದರು.

ವಿಷಯ ಇಷ್ಟೇ. ಫ್ರೆಂಚಿನ 'ಜೆ' ಅಕ್ಷರದಿಂದ ನಮ್ಮ 'ಜ'ಕಾರ ಹೊರಡುವುದಿಲ್ಲ. ಸೆನೆಗಲ್ಲನ್ನು ಆಳುತ್ತಿದ್ದ ಕಾಲದಲ್ಲಿ ಫ್ರೆಂಚ್ ಗುಮಾಸ್ತರು ವೊಲೊಫ್ ಭಾಷೆಯ ಆ ಸದ್ದನ್ನು ತಮ್ಮ ಕಾಗುಣಿತಕ್ಕೆ ಒಗ್ಗಿಸಿ, ಡಿ ಮತ್ತು ಐ ಸೇರಿಸಿ ಬರೆದುಕೊಂಡರು. ಬರೆದದ್ದೇ ಗಟ್ಟಿಯಾಯಿತು. ಈಗ ಒಬ್ಬಳೇ ಹೆಂಗಸಿಗೆ ಪ್ಯಾರಿಸ್ಸಿನಲ್ಲಿ ಒಂದು ಹೆಸರು, ಸೆನೆಗಲ್‌ನ ರಾಜಧಾನಿ ಡಾಕಾರಿನಲ್ಲಿ ಇನ್ನೊಂದು.

ನನಗೆ ಇದು ಸುಮ್ನೆ ತಮಾಷೆಯ ವಿಷಯ ಆಗಿರಲಿಲ್ಲ. ನನ್ನ ಮಗಳ ಹೆಸರು 'ಹ'ಕಾರದಿಂದ ಶುರುವಾಗುತ್ತದೆ. ಫ್ರೆಂಚರ ಬಾಯಿಗೆ 'ಹ' ಬರುವುದಿಲ್ಲ. ಶಾಲೆಯಲ್ಲಿ ಅವಳ ಹೆಸರಿನ ತಲೆ ಹಾರಿಹೋಗಿ ವರ್ಷಗಳಾದವು. ಅವಳ ಅಪ್ಪನೂ ಫ್ರೆಂಚರೇ. ಪಾಪ, ಉಸಿರು ಕಟ್ಟಿ ಪ್ರಯತ್ನ ಪಡುತ್ತಾರೆ, ಕೆಮ್ಮಿದ ಹಾಗೆ ಕೇಳಿಸುತ್ತದೆ.

ಮಾತಿ ಹುಟ್ಟಿದ್ದು 1982ರಲ್ಲಿ, ಪ್ಯಾರಿಸ್ಸಿನಲ್ಲೇ. ತಾಯಿ ಫ್ರೆಂಚ್. ತಂದೆ ವಾಸಿಸ್ ದಿಯೋಪ್ ಸೆನೆಗಲ್‌ನ ಸಂಗೀತಗಾರ. ದೊಡ್ಡಪ್ಪ ಜಿಬ್ರಿಲ್ ದಿಯೋಪ್ ಮಂಬೆತಿ 1973ರಲ್ಲಿ ಮಾಡಿದ 'ತೂಕಿ ಬೂಕಿ' ಆಫ್ರಿಕಾದ ಸಿನಿಮಾ ಚರಿತ್ರೆಯಲ್ಲಿ ಬಿಡಲಾಗದ ಹೆಸರು. ಡಾಕಾರಿನ ಒಬ್ಬ ಹುಡುಗ, ಒಬ್ಬಳು ಹುಡುಗಿ ಹೇಗಾದರೂ ಪ್ಯಾರಿಸ್ಸಿಗೆ ಓಡಿಹೋಗಬೇಕು ಅಂತ ಹೊರಡುವ ಕತೆ. ಕೊನೆಗೆ ಹುಡುಗಿ ಹಡಗು ಹತ್ತುತ್ತಾಳೆ, ಹುಡುಗ ಕಾಲು ಕೀಳಲಾರದೆ ಉಳಿಯುತ್ತಾನೆ.

ನಾನು ಮಾತಿಯನ್ನು ಮೊದಲು ನೋಡಿದ್ದು ನಿರ್ದೇಶಕಿಯಾಗಿ ಅಲ್ಲ, ನಟಿಯಾಗಿ. ಕ್ಲೇರ್ ದೆನಿ 2008ರಲ್ಲಿ ಮಾಡಿದ '35 ರಮ್' ಸಿನಿಮಾದಲ್ಲಿ. ಅಪ್ಪ ಪ್ಯಾರಿಸ್ಸಿನ ಉಪನಗರ ರೈಲು ಓಡಿಸುವ ಕಪ್ಪು ಮನುಷ್ಯ, ತೀರಿಹೋದ ತಾಯಿ ಜರ್ಮನ್, ಮಗಳು ಮಾತಿ. ಅದರಲ್ಲಿ ಒಂದು ಸಣ್ಣ ಸಂಗತಿ ಬರುತ್ತದೆ. ಅಪ್ಪ ಮಗಳು ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ದಿನ ರೈಸ್ ಕುಕ್ಕರ್ ಕೊಂಡು ತರುತ್ತಾರೆ. ಅಪ್ಪ ತಂದದ್ದು ನೋಡಿ ಮಗಳು ತಾನು ತಂದದ್ದನ್ನು ಬಾಯಿಬಿಡದೆ ಬಚ್ಚಿಡುತ್ತಾಳೆ. ಅಷ್ಟೇ. ಫ್ರಾನ್ಸಿಗೆ ಬಂದ ಹೊಸದರಲ್ಲಿ, ಬ್ರೆಡ್ಡು ತಿಂದು ತಿಂದು ಸಾಕಾಗಿದ್ದ ಕಾಲದಲ್ಲಿ ಅದನ್ನು ನೋಡಿದೆ. ಫ್ರೆಂಚ್ ಸಿನಿಮಾದಲ್ಲಿ ಒಬ್ಬರ ಮನೆಯಲ್ಲಿ ಅನ್ನ ಬೇಯುತ್ತಿದೆ ಅನ್ನೋದೇ ನನಗೆ ಎಷ್ಟೋ ಸಮಾಧಾನ ಆಗಿತ್ತು.

ಆಕೆಗೆ ನಟನೆ ಅಲ್ಲೇ ಮುಂದುವರಿಸಬಹುದಿತ್ತು. ಬದಲಿಗೆ ಡಾಕಾರಿಗೆ ಹೋದರು, ಕ್ಯಾಮೆರಾ ಹಿಡಿದುಕೊಂಡು. ರಾತ್ರಿ ಸಮುದ್ರದ ದಂಡೆಯಲ್ಲಿ ಬೆಂಕಿ ಹಾಕಿಕೊಂಡು ಕೂತ ಹುಡುಗರು ದೋಣಿಯಲ್ಲಿ ಯುರೋಪಿಗೆ ದಾಟುವ ಮಾತಾಡುತ್ತಾರೆ. ಅದನ್ನು ಚಿತ್ರಿಸಿ 2009ರಲ್ಲಿ ಒಂದು ಕಿರುಚಿತ್ರ ಮಾಡಿದರು, 'ಅಟ್ಲಾಂಟಿಕ್ಸ್' ಅಂತ. ಆ ವರ್ಷಗಳಲ್ಲಿ ಸೆನೆಗಲ್‌ನ ಹುಡುಗರ ಬಾಯಲ್ಲಿ ಒಂದು ಮಾತು ಓಡಾಡುತ್ತಿತ್ತು: "ಬಾರ್ಸಾ ವಲ್ಲಾ ಬರ್ಸಾಕ್". ಬಾರ್ಸಿಲೋನಾ ಸೇರಬೇಕು, ಇಲ್ಲಾ ಪರಲೋಕ ಸೇರಬೇಕು ಅಂತ ಅರ್ಥ. ಎಂಜಿನ್ ಕಟ್ಟಿದ ಮೀನುಗಾರರ ಮರದ ದೋಣಿಗಳಲ್ಲಿ ಸ್ಪೇನಿನ ಕ್ಯಾನರಿ ದ್ವೀಪಗಳಿಗೆ ಹೊರಡುತ್ತಿದ್ದರು. ಎಷ್ಟೋ ದೋಣಿ ಸೇರಲೇ ಇಲ್ಲ.

ಆಮೇಲೆ 2013ರಲ್ಲಿ 'ಸಾವಿರ ಸೂರ್ಯರು' ಅನ್ನುವ 45 ನಿಮಿಷದ ಚಿತ್ರ. ದೊಡ್ಡಪ್ಪನ ಸಿನಿಮಾದ ಆ ಹುಡುಗ ಈಗ ಏನು ಮಾಡುತ್ತಿದ್ದಾನೆ ಅಂತ ಹುಡುಕಿಕೊಂಡು ಹೋದರೆ, ನಟ ಮಗಾಯೆ ನಿಯಾಂಗ್ ಡಾಕಾರಿನಲ್ಲೇ ದನ ಕಾಯುತ್ತಿದ್ದಾರೆ! ನಾಯಕಿಯ ಪಾತ್ರ ಮಾಡಿದಾಕೆ ನಿಜವಾಗಿಯೂ ಊರು ಬಿಟ್ಟು ಎಲ್ಲೋ ದೂರ ಹೋಗಿಬಿಟ್ಟಿದ್ದಾರೆ. 40 ವರ್ಷದ ಹಿಂದಿನ ಕತೆ ಕೂಡಿಸಿ ಬರೆದ ಹಾಗೆ ನಡೆದಿದೆ. ತಮ್ಮದೇ ಹಳೆಯ ಸಿನಿಮಾ ಬಯಲಲ್ಲಿ ಓಡುವಾಗ ಆ ಮುದುಕ ನಿಂತು ನೋಡುತ್ತಾರೆ. ಮಾತಿಯ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇದು. ದೊಡ್ಡಪ್ಪನ ಹೆಸರು ಹೇಳಿಕೊಂಡು ಬಾಗಿಲು ತೆಗೆಸಿಕೊಳ್ಳಬಹುದಿತ್ತು. ಬದಲಿಗೆ ದೊಡ್ಡಪ್ಪ ಅರ್ಧಕ್ಕೆ ಬಿಟ್ಟ ಮನುಷ್ಯನನ್ನು ಹೋಗಿ ಮಾತಾಡಿಸಿದರು.

ಕಿರುಚಿತ್ರ ಬಂದು ಹತ್ತು ವರ್ಷ ಆದ ಮೇಲೆ, 2019ರಲ್ಲಿ, ಅದೇ ಸಮುದ್ರಕ್ಕೆ ತಿರುಗಿ ಬಂದರು, ಪೂರ್ಣ ಸಿನಿಮಾ ಹಿಡಿದು. ಹೆಸರೂ ಹೆಚ್ಚುಕಮ್ಮಿ ಅದೇ. ಈ ಸಲ ಹೋದ ಹುಡುಗರ ಬದಲು ಉಳಿದ ಹುಡುಗಿಯರ ಕತೆ. ಡಾಕಾರಿನ ಅಂಚಿನಲ್ಲಿ ಆಕಾಶಕ್ಕೆ ಮುಟ್ಟುವ ಕಟ್ಟಡ ಏಳುತ್ತಿದೆ. ಕೆಲಸದ ಹುಡುಗರಿಗೆ ತಿಂಗಳುಗಟ್ಟಲೆ ಕೂಲಿ ಇಲ್ಲ. ಒಂದು ರಾತ್ರಿ ಹೇಳದೆ ಕೇಳದೆ ದೋಣಿ ಹತ್ತಿ ಹೋಗಿಬಿಡುತ್ತಾರೆ. ಆಮೇಲೆ ರಾತ್ರಿಯಾದರೆ ಊರ ಹುಡುಗಿಯರ ಕಣ್ಣು ಬೆಳ್ಳಗಾಗುತ್ತದೆ. ಸತ್ತ ಹುಡುಗರು ಅವರ ಮೈಮೇಲೆ ಬಂದು, ಧಣಿಯ ಮನೆಗೆ ಹೋಗಿ ಕೂತು, ಬಾಕಿ ಕೂಲಿ ಕೇಳುತ್ತಾರೆ. ಕೊಟ್ಟ ಮೇಲೂ ಬಿಡುವುದಿಲ್ಲ, ಅವನ ಕೈಲೇ ತಮ್ಮ ಗುಂಡಿ ತೋಡಿಸುತ್ತಾರೆ. ಮೈಮೇಲೆ ಬರುವುದು ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಪಕ್ಕದಲ್ಲಿ ಕೂತ ನಮ್ಮ ಮನೆಯವರಿಗೆ ನಾನು ಪಿಸುಗುಟ್ಟಿ ಹೇಳಬೇಕಾಯಿತು.

ಕಾನ್ ಚಿತ್ರೋತ್ಸವದ ಮುಖ್ಯ ಸ್ಪರ್ಧೆಗೆ ಬಂದ ಮೊದಲ ಕಪ್ಪು ಮಹಿಳಾ ನಿರ್ದೇಶಕಿ ಆಕೆ. ಉತ್ಸವ ಶುರುವಾಗಿದ್ದು 1946ರಲ್ಲಿ ಅನ್ನೋದನ್ನೂ ಜೊತೆಗೇ ಹೇಳಿಬಿಡುತ್ತೇನೆ. ಎರಡನೇ ದೊಡ್ಡ ಪ್ರಶಸ್ತಿ ಗ್ರಾಂ ಪ್ರಿ ಸಿಕ್ಕಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಶಸ್ತಿ ಅಲ್ಲ. ಆ ಸಿನಿಮಾದ ಮಾತೆಲ್ಲ ವೊಲೊಫ್‌ನಲ್ಲಿ ಇದೆ. ಮಾತಿ ದಿಯೋಪ್‌ಗೆ ವೊಲೊಫ್ ಸರಾಗವಾಗಿ ಬರುವುದಿಲ್ಲ. ಬರೆದದ್ದು ಫ್ರೆಂಚಿನಲ್ಲಿ, ಮಾತುಗಳನ್ನು ಆಮೇಲೆ ವೊಲೊಫ್‌ಗೆ ತಂದದ್ದು. ನಟಿಸಿದವರಲ್ಲಿ ಹೆಚ್ಚಿನವರು ಹೊಸಬರು. ನಾಯಕಿ ಮಾಮ್ ಬಿನೆತಾ ಸಾನೆ ಡಾಕಾರಿನ ಹೊರವಲಯದ ಥಿಯಾರೋಯ್‌ನ ಹುಡುಗಿ, ಅದಕ್ಕೆ ಮುಂಚೆ ಕ್ಯಾಮೆರಾ ಮುಂದೆ ನಿಂತವಳೇ ಅಲ್ಲ. ಅಪ್ಪನ ಭಾಷೆ ಪೂರ್ತಿ ಬಾರದವಳು ಆ ಭಾಷೆಯಲ್ಲೇ ಸಿನಿಮಾ ಮಾಡುತ್ತೇನೆ ಅಂತ ಹಟ ಹಿಡಿದು, ಆ ಹುಡುಗಿಯರ ಬಾಯನ್ನು ನಂಬಿ ಕೂತಿದ್ದಾಳೆ. ಬಾರದ ಭಾಷೆಯ ಮುಂದೆ ನಾಚಿಕೊಂಡು ಫ್ರೆಂಚಿಗೆ ಜಾರಿಬಿಡುವುದು ಎಷ್ಟು ಸುಲಭ ಇತ್ತು!

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮಗಳಿಗೆ ಮೂರು ತುಂಬಿ ಶಾಲೆಗೆ ಸೇರಿಸಿದಾಗ ಒಬ್ಬ ಟೀಚರ್, ಮಗು ಮಾತಾಡುವುದು ತಡ ಆಗ್ತಿದೆ, ಮನೆಯಲ್ಲೂ ಫ್ರೆಂಚೇ ಆಡಿ ಅಂದರು. ನಾನು ಹೆದರಿ ಒಪ್ಪಿಕೊಂಡೆ. ಒಂದೇ ವರ್ಷ. ಅಷ್ಟರಲ್ಲಿ ಕನ್ನಡ ಅವಳ ಬಾಯಿಂದ ಇಳಿದುಹೋಗಿತ್ತು. ಈಗ ಅವಳಿಗೆ ಎಂಟು. ಹೇಳಿದ್ದು ಅರ್ಥ ಆಗುತ್ತದೆ, ಉತ್ತರ ಫ್ರೆಂಚಿನಲ್ಲಿ ಬರುತ್ತದೆ. ಭಾನುವಾರ ಅಜ್ಜಿಗೆ ಫೋನ್ ಮಾಡಿದರೆ "ಅಜ್ಜಿ, ಊಟ ಆಯ್ತಾ?" ಅಂತ ಚೆಂದವಾಗಿ ಶುರು ಮಾಡುತ್ತಾಳೆ. ಅಜ್ಜಿ ಮರುಪ್ರಶ್ನೆ ಹಾಕಿದ ಕೂಡಲೇ ಫೋನು ನನ್ನ ಕೈಗೆ. ಅಮ್ಮ ಏನೂ ಅನ್ನುವುದಿಲ್ಲ. ಅನ್ನದೆ ಇರುವುದೇ ಜಾಸ್ತಿ ಚುಚ್ಚುತ್ತದೆ.

ಮಾತಿಯಂಥವರ ಬಗ್ಗೆ ಬರೆಯುವಾಗ ಎಲ್ಲರೂ ಎರಡು ದೋಣಿಯ ಮೇಲೆ ಕಾಲು ಅನ್ನುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಮಾತಿಯ ಕೆಲಸ ನೋಡಿದರೆ ಎರಡು ಮನೆಯ ಅಡುಗೆಕೋಣೆಯಲ್ಲೂ ಓಡಾಡುವ ಹೆಂಗಸಿನ ಹಾಗೆ ಕಾಣುತ್ತದೆ: ಪಾತ್ರೆ ಒಂದು ಕಡೆಯದು, ಸೌದೆ ಇನ್ನೊಂದು ಕಡೆಯದು. ಫ್ರಾನ್ಸಿನಲ್ಲಿ ಸಿನಿಮಾಕ್ಕೆ ಸರ್ಕಾರದ ನೆರವು ಇದೆ. ಪ್ರತಿ ಟಿಕೆಟ್ಟಿನ ಮೇಲೆ ಒಂದು ಪಾಲು ತೆಗೆದು ಮುಂದಿನ ಸಿನಿಮಾಗಳಿಗೆ ಹಂಚುವ ಪದ್ಧತಿ. ಡಾಕಾರಿನಲ್ಲಿ ಕತೆ ಇದೆ, ಮುಖಗಳಿವೆ, ಆಕೆಯದೇ 'ಫಾಂತಾ ಸಿ' ಅನ್ನುವ ಕಂಪನಿ ಇದೆ. 2019ರ 'ಅಟ್ಲಾಂಟಿಕ್ಸ್' ಆಸ್ಕರಿಗೆ ಹೋದದ್ದು ಸೆನೆಗಲ್ ಪರವಾಗಿ. ಲೆಕ್ಕಪತ್ರ ಹಿಡಿದು ಕೂತರೆ ಯಾರ ಸಿನಿಮಾ ಅಂತ ಹೇಳಲು ಆಗುವುದಿಲ್ಲ.

ಸರಿ, ಆ ಶನಿವಾರ ರಾತ್ರಿ ನೋಡಿದ್ದು 'ದಹೋಮೆ'. ಆ ವರ್ಷದ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲ ಪ್ರಶಸ್ತಿ 'ಚಿನ್ನದ ಕರಡಿ' ಗೆದ್ದ ಸಾಕ್ಷ್ಯಚಿತ್ರ, ಒಂದು ಗಂಟೆ ಚಿಲ್ಲರೆ. ಈಗಿನ ಬೆನಿನ್ ದೇಶದಲ್ಲಿ ಹಿಂದೆ ದಹೋಮೆ ಅನ್ನುವ ರಾಜ್ಯ ಇತ್ತು. 1892ರಲ್ಲಿ ಫ್ರೆಂಚ್ ಸೇನೆ ಅದರ ರಾಜಧಾನಿ ಅಬೊಮೆಗೆ ನುಗ್ಗಿ ಅರಮನೆಯ ವಸ್ತುಗಳನ್ನು ಹೊತ್ತು ತಂದಿತು. ಅದರಲ್ಲಿ 26 ವಸ್ತುಗಳನ್ನು 2021ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಕೆ ಬ್ರಾನ್ಲಿ ಮ್ಯೂಸಿಯಮ್ಮಿನಿಂದ ವಾಪಸ್ ಕಳಿಸಿದರು. ಐಫೆಲ್ ಗೋಪುರದ ಹತ್ತಿರವೇ ಇರುವ ಮ್ಯೂಸಿಯಂ. ಊರಿಂದ ನೆಂಟರು ಬಂದಾಗ ನಾನು ಅದರ ಮುಂದೆಯೇ ಹಾದು ಗೋಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೆ, ಒಳಗೆ ಇಣುಕಿರಲಿಲ್ಲ. ಸಹಾರಾದ ದಕ್ಷಿಣದ ಆಫ್ರಿಕಾದ್ದೇ ಸುಮಾರು 70,000 ವಸ್ತು ಅಲ್ಲಿವೆ. ಕಳಿಸಿದ್ದು 26.

ಚಿತ್ರದಲ್ಲಿ ರಾಜ ಗೆಜೊನ ಮರದ ವಿಗ್ರಹವನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಮುಚ್ಚಳ ಬರುತ್ತದೆ. ಕ್ಯಾಮೆರಾ ಇರುವುದು ಪೆಟ್ಟಿಗೆಯ ಒಳಗೆ. ಸ್ಕ್ರೂ ತಿರುಗಿಸುವ ಯಂತ್ರದ ಸದ್ದು, ಆಮೇಲೆ ಪೂರಾ ಕತ್ತಲೆ. ಆ ಕತ್ತಲೆಯಲ್ಲಿ ವಿಗ್ರಹ ಬೆನಿನ್‌ನ 'ಫೊನ್' ಅನ್ನುವ ಭಾಷೆಯಲ್ಲಿ ಮಾತಾಡಲು ಶುರು ಮಾಡುತ್ತದೆ. ನನಗೆ ಹೆಸರಿತ್ತು, ಇವರು 26 ಅನ್ನುತ್ತಾರೆ ಅಂತ ದೂರುತ್ತದೆ. ಗಂಟಲಿನ ತಳದಿಂದ ಬರುವ ಭಾರದ ದನಿ. ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಊರು ಮುಟ್ಟಿದ ಮೇಲೆ ಸಂಭ್ರಮದಲ್ಲಿ ಮುಗಿಸಬಹುದಿತ್ತು. ಮಾತಿ ಅಬೊಮೆ ಕಲಾವಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರನ್ನು ಸೇರಿಸಿ ಚರ್ಚೆಗೆ ಕೂರಿಸುತ್ತಾರೆ. ಕೆಲವರಿಗೆ ಸಂತೋಷ. ಕೆಲವರಿಗೆ ಸಿಟ್ಟು: ಸಾವಿರಾರು ಹೊತ್ತುಕೊಂಡು ಹೋಗಿ 26 ಕೊಟ್ಟರೆ ಅದು ಗೌರವವೋ ಅವಮಾನವೋ? ಈ ಜಗಳವೆಲ್ಲ ನಡೆಯುವುದು ಫ್ರೆಂಚಿನಲ್ಲಿ!

ಮನೆಗೆ ಬಂದ ಮೇಲೆ ಅಬೊಮೆಗೆ ನುಗ್ಗಿದ ಸೇನೆಯ ನಾಯಕ ಯಾರು ಅಂತ ಹುಡುಕಿದೆ. ಆಲ್ಫ್ರೆಡ್ ಅಮೆದೆ ಡಾಡ್ಸ್. ಹುಟ್ಟಿದ್ದು 1842ರಲ್ಲಿ, ಸೆನೆಗಲ್‌ನ ಸ್ಯಾಂ ಲೂಯಿಯಲ್ಲಿ. ಅವನೂ ಮಿಶ್ರ ರಕ್ತದವನೇ. ಪ್ಯಾರಿಸ್ಸಿನ 12ನೇ ವಿಭಾಗದಲ್ಲಿ ಅವನ ಹೆಸರಿನ ರಸ್ತೆಯೂ ಇದೆ. ಹೊತ್ತು ತಂದವನ ಊರು ಸೆನೆಗಲ್, ವಾಪಸ್ ಹೋಗುವುದನ್ನು ಕೂತು ಚಿತ್ರಿಸಿದವಳ ಅಪ್ಪನ ಊರೂ ಸೆನೆಗಲ್. ರಕ್ತ ಏನನ್ನೂ ತಾನಾಗಿ ಮಾಡಿಸುವುದಿಲ್ಲ ಅಂತ ಆ ರಾತ್ರಿ ಅನ್ನಿಸಿತು. ಮಾತಿ ದಿಯೋಪ್‌ಗೆ ಡಾಕಾರ್ ದಕ್ಕಿದ್ದು ಹೋಗಿ, ಬೀದಿ ಸುತ್ತಿ, ಅಲ್ಲಿಯವರ ಜೊತೆ ವರ್ಷಗಟ್ಟಲೆ ದುಡಿದದ್ದಕ್ಕೆ. ಭಾಷೆ ಅದರ ಹಿಂದೆ ಕುಂಟುತ್ತಾ ಬಂದಿದೆ.

ಈ ಸಲ ಡಿಸೆಂಬರ್ ರಜೆಗೆ ಊರಿಗೆ ಟಿಕೆಟ್ ಮಾಡಿದ್ದೇವೆ, ಎರಡು ವಾರ. ಕಳೆದ ಭಾನುವಾರ ಫೋನಿನಲ್ಲಿ ಅಮ್ಮನಿಗೆ ಹೇಳಿದೆ, ಅವಳಿಗೆ ಮಾತು ಬರಲ್ಲಮ್ಮ, ಬಂದ ನೆಂಟರ ಮುಂದೆಲ್ಲ ಕನ್ನಡ ಆಡು ಅಂತ ನಿಲ್ಲಿಸಬೇಡ, ಜೊತೆಯಲ್ಲಿ ಏನಾದರೂ ಕೆಲಸಕ್ಕೆ ಕೂರಿಸಿಕೋ ಅಂತ.

"ಅವರೆಕಾಯಿ ಕಾಲ ಅಲ್ವೇನೇ ಅದು" ಅಂದರು ಅಮ್ಮ. "ಮೊರ ಮುಂದಿಟ್ಟರೆ ಆಯ್ತು. ಕಾಳು ಹಿತುಕೋಕೆ ಮಾತು ಯಾಕೆ ಬೇಕು? ಹುಳ ಕಂಡರೆ ಕಿರುಚ್ತಾಳೋ ಏನೋ, ಅದನ್ನು ಮೊದಲು ಕೇಳು."

ಕೇಳಿದೆ. ಕಿರುಚುತ್ತಾಳಂತೆ.