ಯಾವ ರಾಗ ಹಾಡಿದರೆ ಬಹುಮಾನ ಬರುತ್ತದೆ?

ಯಾವ ರಾಗಕ್ಕೂ ಬರುವುದಿಲ್ಲ. ಉತ್ತರ ಇಷ್ಟೇ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ನಾನು ಕಲಿಸುವ ಸಂಗೀತ ವಿಭಾಗದಲ್ಲಿ ಪ್ರತಿ ವರ್ಷ ಹಿಂದುಸ್ತಾನಿ ಸಂಗೀತದ ಒಂದು ಖ್ಯಾಲ್ ಗಾಯನ ಸ್ಪರ್ಧೆ ನಡೆಯುತ್ತದೆ. ನಮಗೆಲ್ಲ ಹಾಡು ಕಲಿಸಿದ ಅಕ್ಕೋರ ನೆನಪಿಗೆ. ಬೇರೆ ಬೇರೆ ಕಾಲೇಜುಗಳ ಹುಡುಗ ಹುಡುಗಿಯರು ಬರುತ್ತಾರೆ. ಒಬ್ಬೊಬ್ಬರಿಗೆ 12 ನಿಮಿಷ. ನಿಧಾನದ ವಿಲಂಬಿತ ಒಂದು, ವೇಗದ ದ್ರುತ್ ಒಂದು. ತಾರೀಖು ಗೊತ್ತಾದ ದಿನವೇ ಫೋನ್ ಶುರು. "ಮೇಡಂ, ಯಾವ ರಾಗ ಹಾಡಿದ್ರ ಪ್ರೈಜ್ ಬರ್ತದ್ರೀ? ಹ್ವಾದ ವರ್ಷ ಏನ್ ಹಾಡಿದವರಿಗೆ ಬಂತು? ಜಡ್ಜ್ ಯಾವ ಘರಾಣಾದವರು?" ಘರಾಣಾ ಅಂದರೆ ಹಾಡುವ ಪರಂಪರೆ.

ಕೇಳುವವರು ಹಾಡುವ ಮಕ್ಕಳಲ್ಲ. ಜಾಸ್ತಿ ಅವರ ಅಪ್ಪ ಅಮ್ಮಂದಿರು. ಮಗುವಿನ ಮೇಲಿನ ಪ್ರೀತಿಯಿಂದಲೇ ಕೇಳುತ್ತಾರೆ, ಗೊತ್ತು. ಆದರೆ ಆ 'ಬರ್ತದ' ಅನ್ನುವ ಮಾತು ನನಗೆ ಆಗುವುದಿಲ್ಲ. ಬಸ್ ಎಷ್ಟು ಗಂಟೆಗೆ ಬರುತ್ತದೆ ಅಂತ ಕೇಳಿದ ಹಾಗೆ. ಸ್ಟ್ಯಾಂಡಿನಲ್ಲಿ ಸರಿಯಾದ ಜಾಗದಲ್ಲಿ ನಿಂತರೆ ಸಾಕು, ತಾನೇ ಬರುತ್ತದೆ ಅನ್ನುವ ಹಾಗೆ.

ಅಪರೂಪದ ರಾಗ ಹಾಡಿದರೆ ಜಡ್ಜ್‌ಗಳು ಬೆರಗಾಗುತ್ತಾರೆ ಅಂತ ಒಂದು ನಂಬಿಕೆ ಇದೆ. "ಮನ್ಸೂರ್ ಅಪ್ಪಾವ್ರು ಹಾಡ್ತಿದ್ದಿಲ್ಲೇನ್ರೀ?" ಅಂತ ಮಲ್ಲಿಕಾರ್ಜುನ ಮನ್ಸೂರರನ್ನು ತೋರಿಸಿ ನನಗೇ ತಿರುಗಿ ಕೇಳುತ್ತಾರೆ. ಹಾಡುತ್ತಿದ್ದರು. ಯಾರೂ ಮುಟ್ಟದ ರಾಗಗಳನ್ನು ಮನೆಯ ಅಂಗಳದಲ್ಲಿ ಓಡಾಡಿದ ಹಾಗೆ ಹಾಡುತ್ತಿದ್ದರು. ಆದರೆ ಅದಕ್ಕೆ ಮೊದಲು ಅವರು ಮಿರಜದ ನೀಲಕಂಠ ಬುವಾ ಹತ್ತಿರ ಗ್ವಾಲಿಯರ್ ಘರಾಣಾದ ಹಾಡುಗಾರಿಕೆ ಕಲಿತಿದ್ದರು. ಆಮೇಲೆ ಜೈಪುರ ಘರಾಣಾದ ಮಂಜೀ ಖಾನರು ಕಲಿಸಿದರು. 1937ರಲ್ಲಿ ಅವರು ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜೀ ಖಾನರು ಕಲಿಸಿದರು. ಅಷ್ಟು ಕಲಿಕೆ ಇತ್ತು ಆ ರಾಗಗಳ ಕೆಳಗೆ. ಗಂಗೂಬಾಯಿ ಹಾನಗಲ್ ಅವರನ್ನು ಯಾಕೆ ಯಾರೂ ನೆನೆಯುವುದಿಲ್ಲ? ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಆಯ್ದ ಕೆಲವೇ ರಾಗಗಳನ್ನು ಜೀವನವಿಡೀ ಹಾಡಿದರು. ಪ್ರತಿ ಸಲವೂ ಕೂತು ಕೇಳಬೇಕು ಅನಿಸುತ್ತಿತ್ತು, ಅಲ್ವಾ?

ಒಂದು ವರ್ಷದ್ದು ಹೇಳುತ್ತೇನೆ. ಬೆಳಗ್ಗೆ 10ಕ್ಕೆ ಸ್ಪರ್ಧೆ. ಒಬ್ಬ ಹುಡುಗಿ ಭೂಪ ಹಾಡಲು ಕೂತಳು. ಭೂಪ ಅಂದರೆ ಐದೇ ಸ್ವರ: ಸ ರಿ ಗ ಪ ಧ. ದೇಶಕಾರ ಅಂತ ಇನ್ನೊಂದು ರಾಗ, ಅದಕ್ಕೂ ಅವೇ ಐದು. ಬೇರೆ ಸ್ವರ ಇಲ್ಲ. ಆದರೆ ಭೂಪದ ಜೀವ ಗಾಂಧಾರದಲ್ಲಿ, ಅಂದರೆ 'ಗ'ದಲ್ಲಿ; ದೇಶಕಾರದ್ದು ಧೈವತದಲ್ಲಿ, ಅಂದರೆ 'ಧ'ದಲ್ಲಿ. ಭೂಪ ರಾತ್ರಿಯ ಮೊದಲ ಹೊತ್ತಿನದು, ದೇಶಕಾರ ಬೆಳಗಿನದು. ಹೊತ್ತಿನ ನಿಯಮ ನಾವು ಹಾಕಿಲ್ಲ, ಎಲ್ಲರೂ ಹಗಲಲ್ಲೇ ಹಾಡಬೇಕಲ್ಲ.

ಚೆನ್ನಾಗಿ ಶುರು ಮಾಡಿದಳು. ಗಾಂಧಾರ ತುಂಬಿಕೊಂಡು ಬಂತು. ತಾಳದ ನಾಲ್ಕನೆಯ ಸುತ್ತಿನಲ್ಲೋ ಏನೋ, ಪಂಚಮ ದಾಟಿ ಧೈವತದ ಮೇಲೆ ನಿಂತಳು. ಸ್ವಲ್ಪ ಜಾಸ್ತಿ ಹೊತ್ತೇ ನಿಂತಳು. ಇನ್ನೊಮ್ಮೆ ನಿಂತಳು. ದೇಶಕಾರ ಬಂದೇಬಿಟ್ಟಿತು. ಅದೂ ಸುಂದರವಾಗಿತ್ತು, ಅದೇ ತೊಂದರೆ. ಸಭೆಯಲ್ಲಿ ತಲೆ ಆಡಿಸಿದವರೂ ಇದ್ದರು. ಆಮೇಲೆ ಅವಳು ಹಾಡು ನಿಲ್ಲಿಸಿದಳು. ತಬಲಾದ ಠೇಕಾ ನಡೆದೇ ಇತ್ತು. ಕಣ್ಣು ಮುಚ್ಚಿ ಅರ್ಧ ಸುತ್ತು ಸುಮ್ಮನೆ ತಂಬೂರಿ ಕೇಳಿದಳು. ನಿಧಾನಕ್ಕೆ ಗಾಂಧಾರಕ್ಕೆ ಇಳಿದಳು. ಹಾಡಿನ ಮೊದಲ ತುಣುಕಾದ ಮುಖಡಾ ಹಿಡಿದು, ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದಳು. ಭೂಪ ಮತ್ತೆ ಅಲ್ಲೇ ಇತ್ತು.

ಅವಳಿಗೆ ಬಹುಮಾನ ಸಿಗಲಿಲ್ಲ. ರಾಗ ತಪ್ಪಿದ್ದು ತಪ್ಪೇ. ನಾನೂ ಅಂಕ ಕಡಿಮೆ ಹಾಕಿದ್ದೆ, ಇವತ್ತಿಗೂ ಅದು ಸರಿ ಅಂತಲೇ ಅಂದುಕೊಂಡಿದ್ದೇನೆ. ಅವಳ ಅಪ್ಪ ನನ್ನನ್ನು ಬಾಗಿಲಲ್ಲಿ ಹಿಡಿದರು. "ಭೂಪ ಸಣ್ಣ ರಾಗ ಅಂತ ಮೊದ್ಲ ಹೇಳಿದ್ದೆ. ದೊಡ್ಡದೊಂದು ಹಾಡಿದ್ರ ಬರ್ತಿತ್ತು." ನನಗೆ ಸಿಟ್ಟು ತಡೆಯಲಿಲ್ಲ. ನಿಮ್ಮ ಮಗಳು ಈಗ ಮಾಡಿದ್ದನ್ನು ಕಲಿಯಲು ನಮ್ಮ ಕ್ಲಾಸಿನಲ್ಲಿ ಎರಡು ಮೂರು ವರ್ಷ ಬೇಕು, ನೀವು ಕೇಳಿಸಿಕೊಳ್ಳಲೇ ಇಲ್ಲ ಅಂದೆ. ಜೋರಾಗಿಯೇ ಅಂದೆ.

ಇಷ್ಟು ಫೋನ್ ಬರುತ್ತವೆ. ಅಕ್ಕೋರು ಹೇಗೆ ಕಲಿಸುತ್ತಿದ್ದರು ಅಂತ ಒಬ್ಬರೂ ಕೇಳುವುದಿಲ್ಲ. ಸ್ಪರ್ಧೆ ಇರುವುದೇ ಅವರ ಹೆಸರಲ್ಲಿ. ಯಾರೂ ಕೇಳದಿದ್ದರೂ ಹೇಳುತ್ತೇನೆ.

ಅವರ ತಂಬೂರಿ ಮಿರಜದ್ದು. ನಾವು ಷಡ್ಜ, ಅಂದರೆ 'ಸ' ಹಿಡಿದು ಕೂತಿರುತ್ತಿದ್ದೆವು, ಅವರು ಮೀಟುತ್ತಿದ್ದರು. ಇದ್ದಕ್ಕಿದ್ದಂತೆ ಅಂಗೈಯಿಟ್ಟು ನಾಲ್ಕೂ ತಂತಿ ಮುಚ್ಚಿಬಿಡುತ್ತಿದ್ದರು. ನಾವು ಹಾಡುತ್ತಲೇ ಇರಬೇಕು. ಸ್ವಲ್ಪ ಹೊತ್ತಿಗೆ ಕೈ ತೆಗೆದು ಮತ್ತೆ ಮೀಟುತ್ತಿದ್ದರು. ಆಗ ಗೊತ್ತಾಗುತ್ತಿತ್ತು, ನಾವು ಎಲ್ಲಿಗೆ ಜಾರಿದ್ದೇವೆ ಅಂತ. ಅವರು ಬಯ್ಯುತ್ತಿರಲಿಲ್ಲ, ತಿದ್ದುತ್ತಲೂ ಇರಲಿಲ್ಲ. "ಎಷ್ಟ್ ಇಳದಿ, ನೀನ ಹೇಳು" ಅನ್ನುತ್ತಿದ್ದರು. ಹೇಳುವ ತನಕ ಮುಂದಿನ ಪಾಠ ಇಲ್ಲ. ಕೆಲವು ದಿನ ಇಡೀ ಒಂದು ಗಂಟೆ ಇದೇ. ನಾವು ಸ್ಪರ್ಧೆಗೆ ಹೋದಾಗ ಕೊನೆಯ ಸಾಲಿನಲ್ಲಿ ಬಂದು ಕೂರುತ್ತಿದ್ದರು. ಗೆದ್ದರೂ ಸೋತರೂ ಮನೆಗೆ ಹೋಗುವಾಗ ಕೇಳುವುದು ಒಂದೇ: "ಎಲ್ಲಿ ತಪ್ಪಿದಿ, ಗೊತ್ತಾತೇನ?"

ಅದಕ್ಕೇ ನಮ್ಮಲ್ಲಿ ಮೊಬೈಲ್ ತಂಬೂರಿ ಬಿಡುವುದಿಲ್ಲ. ತಂಬೂರಿ ನಾವೇ ಕೊಡುತ್ತೇವೆ. ಶ್ರುತಿ ಮಾಡಿಕೊಳ್ಳುವುದು ಹಾಡುವವರ ಕೆಲಸ. ಅದಕ್ಕೆ 5 ನಿಮಿಷ ಬೇರೆ, 10 ಅಂಕವೂ ಬೇರೆ. ಈ ನಿಯಮಕ್ಕೂ ಜಗಳ ಮಾಡುತ್ತಾರೆ. ಮಾಡಲಿ, ಬದಲಾಯಿಸುವುದಿಲ್ಲ.

ಆ ದಿನ ಎಲ್ಲರೂ ಹೋದ ಮೇಲೆ ನಾನು ತಂಬೂರಿಗಳಿಗೆ ಗವಸು ಹಾಕುತ್ತಿದ್ದೆ. ಭೂಪದ ಹುಡುಗಿ ಒಳಗೆ ಬಂದಳು. ಅಪ್ಪ ಸ್ಕೂಟರ್ ತರಲು ಹೋಗಿದ್ದರು. ಬಹುಮಾನದ ಮಾತೇ ಎತ್ತಲಿಲ್ಲ.

"ಮೇಡಂ, ನಾ ಎರಡನೇ ಸಲ ಧ ಮ್ಯಾಲ ನಿಂತಾಗ ನನಗ ಗೊತ್ತಾತ್ರೀ. ನಿಮಗ ಮೊದಲನೇ ಸಲಾನ ಗೊತ್ತಾಗಿತ್ತೇನ್ರೀ?"

ಹೌದು ತಂಗಿ, ಕೂಡು ಇಲ್ಲಿ ಅಂದೆ. ಒಂದು ತಂಬೂರಿಯ ಗವಸು ತೆಗೆದೆ. ಅವಳು ಷಡ್ಜ ಹಿಡಿದಳು. ಹೊರಗೆ ಸ್ಕೂಟರಿನ ಹಾರ್ನ್ ಕೇಳಿಸಿತು, ಇಬ್ಬರೂ ಏಳಲಿಲ್ಲ. ನಾನು ಅಂಗೈಯಿಟ್ಟು ತಂತಿ ಮುಚ್ಚಿದೆ.