ಬೆಟ್ಟದ ದಾರಿಗೆ ಎಪಿಆರ್‌ಎಸ್: ಹೊರಡುವ ಮುಂಚೆ ಇಷ್ಟು ನೋಡಿಕೊಳ್ಳಿ

ಬೆಟ್ಟ ಹತ್ತಿ ಆಚೆ ಕಣಿವೆಗೆ ಇಳಿಯುವ ದಾರಿಯಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿರಲಿಲ್ಲ. ಅದಕ್ಕೇ ಈ ಸಲ ಕಾರಿಗೆ ಎಪಿಆರ್‌ಎಸ್, ಅಂದರೆ ನಾವಿರುವ ಜಾಗವನ್ನು ರೇಡಿಯೋದಲ್ಲಿ ತಿಳಿಸುವ ವ್ಯವಸ್ಥೆ, ಹಾಕಿಕೊಂಡು ಹೊರಟೆವು. ಕೆಲಸ ಸರಳ. ಜಿಪಿಎಸ್ ಹೇಳಿದ ಜಾಗವನ್ನು ಹ್ಯಾಮ್ (ಹವ್ಯಾಸಿ) ರೇಡಿಯೋ ಒಂದು ಪುಟ್ಟ ಪ್ಯಾಕೆಟ್ ಮಾಡಿ ಕಳಿಸುತ್ತದೆ. ಎತ್ತರದಲ್ಲಿರುವ ಡಿಜಿಪೀಟರ್ ಅನ್ನುವ ಸ್ಟೇಷನ್ ಅದನ್ನು ಕೇಳಿ ಮತ್ತೆ ಕಳಿಸುತ್ತದೆ. ಇಂಟರ್ನೆಟ್ ಜೋಡಿಸಿದ ಸ್ಟೇಷನ್, ಅಂದರೆ ಯಾವುದಾದರೂ ಐಗೇಟ್ ಕಿವಿಗೆ ಬಿದ್ದರೆ ಇಂಟರ್ನೆಟ್‌ಗೆ ಹೋಗುತ್ತದೆ, ಮನೆಯವರು ನಕ್ಷೆಯಲ್ಲಿ ನೋಡುತ್ತಾರೆ. ಹ್ಯಾಮ್ ಲೈಸೆನ್ಸ್ ಇಲ್ಲದೆ ಮಾತ್ರ ಇದಕ್ಕೆ ಕೈ ಹಾಕಬೇಡಿ.

ಗಡಿ ದಾಟುವವರು ಫ್ರೀಕ್ವೆನ್ಸಿ ಬದಲಿಸಬೇಕಾಗಬಹುದು. ಉತ್ತರ ಅಮೆರಿಕದಲ್ಲಿ 144.390, ಯುರೋಪಿನಲ್ಲಿ 144.800, ಆಸ್ಟ್ರೇಲಿಯಾದಲ್ಲಿ 145.175 ಮೆಗಾಹರ್ಟ್ಸ್. ನಿಮ್ಮ ಲೈಸೆನ್ಸ್ ಆ ದೇಶದಲ್ಲಿ ನಡೆಯುತ್ತದಾ ಅಂತಲೂ ವಿಚಾರಿಸಿಕೊಳ್ಳಿ.

ಹೊರಡುವ ಹಿಂದಿನ ದಿನ ಮಾಡಬೇಕಾದ ಮುಖ್ಯ ಕೆಲಸ ಒಂದಿದೆ. ಎಪಿಆರ್‌ಎಸ್ ನಕ್ಷೆ ತೆರೆದು, ಅದೇ ರಸ್ತೆಯಲ್ಲಿ ಬೇರೆಯವರು ಹೋದ ಜಾಡು ನೋಡಿ. ಅವರ ಗೆರೆ ಎಲ್ಲಿ ಕಡಿದಿದೆಯೋ ನಿಮ್ಮದೂ ಹೆಚ್ಚುಕಮ್ಮಿ ಅಲ್ಲೇ ಕಡಿಯುತ್ತದೆ. ಡಿಜಿಪೀಟರ್ ಇದೆ ಅಂತ ನಕ್ಷೆ ತೋರಿಸಿದರೆ ಸಾಲದು, ಅದು ಕೊನೆಯ ಬಾರಿ ಯಾವಾಗ ಕೇಳಿಸಿತು ಅನ್ನೋದನ್ನೂ ನೋಡಿ. ತಿಂಗಳಿಂದ ಸದ್ದಿಲ್ಲದ ಸ್ಟೇಷನ್ ನೆಚ್ಚಿಕೊಂಡು ಏನು ಪ್ರಯೋಜನ?

ಹ್ಯಾಂಡಿಯನ್ನು (ಕೈಯಲ್ಲಿ ಹಿಡಿಯುವ ರೇಡಿಯೋ) ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಂಡರೆ ಅಷ್ಟೇನೂ ಆಗಲ್ಲ, ಕಾರಿನ ತಗಡು ಅಡ್ಡ ಬರುತ್ತದೆ. ಮ್ಯಾಗ್ನೆಟ್ ಆಂಟೆನಾ ಚಾವಣಿಯ ಮೇಲೆ ಕೂರಿಸಿ. ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತು) ಕೊನೆಗೆ -9 ಸೇರಿಸಿ, ನೋಡುವವರಿಗೆ ವಾಹನ ಅಂತ ಗೊತ್ತಾಗುತ್ತದೆ. ಪ್ಯಾಕೆಟ್ಟನ್ನು ಎಷ್ಟು ಡಿಜಿಪೀಟರ್ ಮತ್ತೆ ಕಳಿಸಬೇಕು ಅಂತ ಹೇಳುವುದು ಪಾತ್, ಅದಕ್ಕೆ ವೈಡ್1-1, ವೈಡ್2-1 ಸಾಕು. ದೂರ ಹೋಗಲಿ ಅಂತ ಅದಕ್ಕಿಂತ ಉದ್ದ ಹಾಕುವವರಿದ್ದಾರೆ. ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಅದೂ 1200 ಬಾಡ್‌ನ ನಿಧಾನ ವೇಗದಲ್ಲಿ ಇರುವಾಗ ಇದು ಸುಮ್ನೆ ದಾರಿ ಕಟ್ಟಿದ ಹಾಗೆ. ಸ್ಮಾರ್ಟ್ ಬೀಕನಿಂಗ್ ಆನ್ ಮಾಡಿ (ಬೀಕನ್ ಅಂದರೆ ಜಾಗ ತಿಳಿಸುವ ಪ್ಯಾಕೆಟ್). ವೇಗ ಹೆಚ್ಚಿದಂತೆ, ತಿರುವು ಬಂದಂತೆ ಅದೇ ಲೆಕ್ಕ ಹಾಕಿ ಕಳಿಸುತ್ತದೆ, ನಿಂತಾಗ ಅಪರೂಪಕ್ಕೊಮ್ಮೆ ಮಾತ್ರ ಕಳಿಸುತ್ತದೆ.

ಬೆಟ್ಟ ಶುರುವಾದ ಮೇಲೆ ಆಟವೇ ಬೇರೆ. ಎಪಿಆರ್‌ಎಸ್ ಬಳಸುವ ವಿಎಚ್‌ಎಫ್ ರೇಡಿಯೋ ಅಲೆಗೆ ಎದುರು ಬಯಲು ಬೇಕು, ಗುಡ್ಡ ಅಡ್ಡ ಬಂದರೆ 5 ವ್ಯಾಟ್ ಹೋಗಿ 50 ವ್ಯಾಟ್ ಆದರೂ ದೊಡ್ಡ ವ್ಯತ್ಯಾಸವಿಲ್ಲ. ನಾವು ಕಣಿವೆಯಲ್ಲಿ ಕೂತು ಒದ್ದಾಡುವ ಬದಲು ಏರಿನ ತುದಿಯಲ್ಲಿ ಕಾರು ನಿಲ್ಲಿಸಿ ಕೈಯಾರೆ ಬೀಕನ್ ಒತ್ತುತ್ತಿದ್ದೆವು. ಒತ್ತಿದ ತಕ್ಷಣ ಗೊರಗೊರ ಅಂತ ಅರೆಕ್ಷಣದ ಸದ್ದು. ಆಮೇಲೆ ಪರದೆ ನೋಡುತ್ತಾ ಕಾಯಬೇಕು. ಡಿಜಿಪೀಟರ್ ಎತ್ತಿಕೊಂಡರೆ ನಮ್ಮದೇ ಕಾಲ್‌ಸೈನ್ ತಿರುಗಿ ಬರುತ್ತದೆ. ಬರದಿದ್ದರೆ ಕಾರನ್ನು ಹತ್ತಿಪ್ಪತ್ತು ಅಡಿ ಮುಂದೆ ತಂದು ಇನ್ನೊಮ್ಮೆ. ಜಾಗದ ಪ್ಯಾಕೆಟ್ಟಿಗೆ ತಲುಪಿತು ಅಂತ ಉತ್ತರ ಬರುವುದಿಲ್ಲ, ಹೀಗೆ ಮರಳಿ ಕೇಳಿಸಿದ್ದೇ ನಮಗೆ ಸುಳಿವು. ಅದೂ ಡಿಜಿಪೀಟರ್‌ವರೆಗೆ ಮಾತ್ರ, ಮುಂದೆ ಐಗೇಟ್‌ಗೆ ಸಿಕ್ಕಿತಾ ಇಲ್ವಾ ಅನ್ನೋದು ಅದರಿಂದ ಗೊತ್ತಾಗದು.

ಮನೆಯವರಿಗೆ ಮೊದಲೇ ಹೇಳಿಡಬೇಕಾದ್ದೂ ಇದನ್ನೇ. ನಕ್ಷೆಯಲ್ಲಿ ಕಾರು ಒಂದೇ ಕಡೆ ನಿಂತಂತೆ ಕಂಡರೆ ಅದು ಕೊನೆಗೆ ಕೇಳಿಸಿದ ಜಾಗ ಅಷ್ಟೆ, ಈಗ ಇರುವ ಜಾಗ ಅಲ್ಲ. ಅದರ ಪಕ್ಕದ ಸಮಯ ನೋಡುವುದನ್ನು ಕಲಿಸಿಬಿಡಿ. ಎಲ್ಲಿಂದ ಎಲ್ಲಿವರೆಗೆ ಕಾಣಿಸುವುದಿಲ್ಲ, ಎಷ್ಟು ಹೊತ್ತಾದರೆ ಯೋಚನೆ ಮಾಡಬೇಕು ಅನ್ನೋದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು. ಅಪಾಯ ಬಂದಾಗ ಇದೊಂದನ್ನೇ ನಂಬಿ ಕೂರಬೇಡಿ.

ಇನ್ನೊಂದು ವಿಷಯ. ಹ್ಯಾಮ್ ಬ್ಯಾಂಡಿನಲ್ಲಿ ಗುಟ್ಟು ನಡೆಯಲ್ಲ, ಯಾರು ಬೇಕಾದರೂ ನಿಮ್ಮ ಜಾಡು ನೋಡಬಹುದು. ಮನೆ ಖಾಲಿ ಇದೆ ಅಂತ ಊರಿಗೆಲ್ಲ ಸಾರಿದ ಹಾಗೆ ಆಗಬಾರದು ಅಲ್ವಾ? ಮನೆಯಿಂದ ನಾಲ್ಕೈದು ಕಿಲೋಮೀಟರ್ ದಾಟಿದ ಮೇಲೆ ಟ್ರ್ಯಾಕರ್ ಆನ್ ಮಾಡಿ, ಬರುವಾಗಲೂ ಅಷ್ಟೇ ದೂರದಲ್ಲಿ ಆಫ್ ಮಾಡಿ.